ಮೂರಡಿ ಆರ್ಗಾ

ಆರ್ಡರು ಬಂದದ್ದು ಗೋಡೆಯ ಒಳಗಿನಿಂದ.
ನೌಕಾನೆಲೆಯ ಮೆಸ್ಸಿಗೆ ಹಳೇ ಚಿತ್ರವೊಂದು ಬೇಕಂತೆ,
ಮೂರಡಿಗೆ ಎರಡಡಿ, ಎಣ್ಣೆ ಬಣ್ಣ, ಕೈಯಲ್ಲೇ ಬರೆದದ್ದು.
ಅಸಲು ಎಲ್ಲೋ ದೂರದೇಶದ ಮ್ಯೂಸಿಯಮ್ಮಿನಲ್ಲಿ;
ನಮಗೆ ಸಿಕ್ಕಿದ್ದು ಬಣ್ಣದ ಝೆರಾಕ್ಸು,
ಮಡಿಕೆ ಬಿದ್ದಲ್ಲಿ ಹಡಗೊಂದು ಎರಡು ತುಂಡು.

ಕೋಡಿಬಾಗ ರಸ್ತೆಯ ಅಂಗಡಿಯಲ್ಲಿ ನಾವು ಬರೆಯುವುದು
ಬೋರ್ಡು, ನಂಬರ್ ಪ್ಲೇಟು,
ಬೈತಖೋಲದ ಬೋಟುಗಳ ಮೂತಿಗೆ ದೇವರ ಹೆಸರು.
ನಡುನಡುವೆ ಗೋವೆಯ ಹೋಟೆಲುಗಳಿಗೆ
ಕುದುರೆ ಏರಿದ ದೊರೆ, ದ್ರಾಕ್ಷಿಯ ತಟ್ಟೆ, ರೆಕ್ಕೆಯ ಮಕ್ಕಳು.
ರೋಹಿದಾಸ ಮಾಮನಿಗೆ ನಕಲೆಂದರೆ ನಾಚಿಕೆಯಿಲ್ಲ:
"ಅಸಲಿನವನು ಒಂದು ಸಲ ಯೋಚನೆ ಮಾಡಿ ಆಗಿದೆ,
ನಮಗೆ ಆ ತ್ರಾಸಿಲ್ಲ."

ಈ ಸಲ ಕಾಗದ ಬಿಡಿಸಿದವರು
ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.
"ಇದು ಆರ್ಗಾ."
ಸ್ವಲ್ಪ ಹೊತ್ತಿನ ಮೇಲೆ, "ನಮ್ಮ ಆರ್ಗಾ."

ಬರೆದವನು ಇಲ್ಲಿಗೆ ಬಂದೇ ಇರಲಿಲ್ಲ, ನೋಡಿದರೆ ತಿಳಿಯುತ್ತದೆ.
ಯಾವನೋ ನಾವಿಕ ಹೆಂಡದಂಗಡಿಯಲ್ಲಿ ಹೇಳಿದ್ದನ್ನು
ಕೇಳಿಕೊಂಡು ಬರೆದಿರಬೇಕು.
ತೆಂಗಿನಮರಗಳು ಕೋಸುಗಡ್ಡೆಯ ಹಾಗೆ,
ಗುಡ್ಡಕ್ಕೆ ಪೆನ್ಸಿಲ್ಲಿನ ಚೂಪು,
ದೋಣಿಯ ಉಲಾಂಡಿ ತಪ್ಪು ಬದಿಗೆ.
"ಇದು ನೀರಿಗಿಳಿದರೆ ಬುಡಮೇಲು" ಎಂದಳು
ಮೀನಿನ ಬುಟ್ಟಿ ಇಳಿಸಿ ಇಣುಕಿದ ಶೇವಂತಿಬಾಯಿ.

ನಾನು ಚೌಕುಳಿ ಎಳೆದೆ.
ಮಾಮ ಒಂದೊಂದೇ ಚೌಕುಳಿ ತುಂಬುತ್ತ ಬಂದರು.
ಮಳೆಗಾಲ. ಅಗಸೆ ಎಣ್ಣೆ ಒಣಗಲೊಲ್ಲದು,
ಆಕಾಶ ಹನ್ನೊಂದು ದಿನ ಬೆರಳಿಗೆ ಅಂಟುತ್ತಿತ್ತು.

ಗುಡ್ಡ ಒಂದನ್ನಾದರೂ ಸರಿ ಮಾಡಬಾರದೆ,
ನಿಮಗೆ ಗೊತ್ತಲ್ಲ, ಎಂದೆ.
ಕುಂಚ ನಿಂತಿತು.
"ಬಿಡುವಾಗ ಮನೆಯ ಹಂಚು ನಾನೇ ಇಳಿಸಿದ್ದು,
ಎಂಟುನೂರ ಹನ್ನೆರಡು. ಅದು ಪಕ್ಕಾ.
ಗುಡ್ಡದ ಎಡಹೆಗಲು ಎಲ್ಲಿಂದ ಜಾರುತ್ತದೆ
ಅನ್ನುವುದು...
ಹೋಗಿ ನೋಡಿ ಬರುವ ಹಾಗಿದ್ದರೆ ಹೇಳುತ್ತಿದ್ದೆ."
ಹೋಗಿ ನೋಡುವ ಹಾಗಿಲ್ಲ.
ಹೆದ್ದಾರಿಯ ಬಸ್ಸಿನಿಂದ ಕಾಣುವುದು
ಗೋಡೆ, ಗೋಡೆಯ ಮೇಲೆ ತಂತಿ, ಅಷ್ಟೇ.
ತಪ್ಪು ಗುಡ್ಡವನ್ನು ಕೂದಲೆಳೆಯೂ ಹೆಚ್ಚುಕಮ್ಮಿಯಿಲ್ಲದೆ
ತಪ್ಪಾಗಿಯೇ ಬರೆದರು.

ಬಲಮೂಲೆಯ ಮರಳ ಮೇಲೆ ಒಬ್ಬನಿದ್ದಾನೆ,
ತಲೆಯಲ್ಲಿ ಏನೋ ಹೊರೆ.
ಅಸಲಿನಲ್ಲಿ ಅವನು ಎರಡು ಗೀರು, ಒಂದು ಚುಕ್ಕೆ.
ಆ ಎರಡು ಗೀರಿಗೆ ಮಾಮ ಮಧ್ಯಾಹ್ನವಿಡೀ ತೆಗೆದುಕೊಂಡರು.
ಬರೆದರು, ಒರೆಸಿದರು, ಬರೆದರು,
ಚಹಾ ಆರಿ ಮೇಲೆ ಕೆನೆ ಕಟ್ಟಿತು.
ಕೊನೆಗೂ ಉಳಿದದ್ದು ಎರಡು ಗೀರು, ಒಂದು ಚುಕ್ಕೆ.
ಝೆರಾಕ್ಸಿನ ಪಕ್ಕ ಹಿಡಿದು ನೋಡಿದೆ, ಫರಕಿಲ್ಲ.
ಆದರೂ ನಮ್ಮವನು ಕೊಂಚ ಕುಂಟುತ್ತಾನೆ.
ಮಾಮನ ಅಪ್ಪ ಕುಂಟುತ್ತಿದ್ದರೆಂದು ಹೇಳಿದವಳು ಶೇವಂತಿಬಾಯಿ,
ಅದೂ ಎಷ್ಟೋ ದಿನದ ಮೇಲೆ,
ಬಂಗಡೆಯ ಚಿಲ್ಲರೆ ಎಣಿಸುತ್ತ.

ದಸರೆಯ ಹಿಂದಿನ ವಾರ, ಹಳೇ ಸೀರೆ ಸುತ್ತಿ,
ಟೆಂಪೋದಲ್ಲಿ ಗೇಟಿಗೆ ಒಯ್ದೆವು.
ಸಂತ್ರಿ ಸೀರೆ ಬಿಚ್ಚಿಸಿದ, ಹಿಂದೆ ಮುಂದೆ ತಟ್ಟಿದ,
ಹಾಳೆ ನೋಡಿದ: ಚಿತ್ರಕ್ಕೆ ಪಾಸಿದೆ,
ತಂದವರ ಹೆಸರಿಲ್ಲ.
ಬಿಳಿಯುಡುಪಿನ ಇಬ್ಬರು ಎತ್ತಿಕೊಂಡು ಹೊರಟರು,
ಆರ್ಗಾ ತಲೆಕೆಳಗು,
ಸಮುದ್ರ ಮೇಲೆ, ಗುಡ್ಡ ನೇತಾಡುತ್ತ,
ಹೊರೆಯವನು ಹೊರೆಯ ಮೇಲೆ ನಿಂತು.
"ಉಲ್ಟಾ, ಉಲ್ಟಾ" ಎಂದು ಕೂಗಹೊರಟೆ.
ಮಾಮ ತೋಳು ಹಿಡಿದರು.
"ಬಿಡು ಮಾರಾಯ. ಒಳಗೆ ಹೋಗ್ತಾ ಇದೆಯಲ್ಲ."

ಬಿಲ್ಲು ಇನ್ನೂ ಪಾಸಾಗಿಲ್ಲ.
ಸೀರೆಯ ಒಳಮೈಗೆ ಅಂಟಿದ ಅಂಗೈಯಗಲ ಆಕಾಶ
ಸೀಮೆಎಣ್ಣೆ ಹಾಕಿ ತಿಕ್ಕಿದರೂ ಹೋಗುವುದಿಲ್ಲವೆಂದು
ಮಾಮಿ ಈಗಲೂ ಬೈಯುತ್ತಾಳೆ.